ಗುರುವಾರದ ಹಲಗಿ

ಬಚ್ಚಲದಾಗ ನೀರು ಖಾಲಿ ಆಗುವಾಗ ಕಡೀಕ ಒಂದು ಸಪ್ಪಳ ಬರತೈತಲ್ಲ, ಗೊರ್ರ್ ಅಂತ, ಆ ಸಪ್ಪಳಕ್ಕ ನಾ ಈಗೂ ಅಂಜತೀನಿ. ಕೈಯಾಗಿನ ತಂಬಗಿ ಒಗೆದು ಹೊರಗ ಓಡಿ ಬರತೀನಿ. ಮನ್ಯಾಗ ಎಲ್ಲಾರೂ ನಗತಾರ. ನಗಲಿ ಬಿಡ್ರಿ, ನಕ್ಕವರ ಹಲ್ಲೇನು ಉದುರಂಗಿಲ್ಲ.

ಮೊನ್ನೆ ಪ್ರಭುರಾಜ ಸಾಹುಕಾರ್ರ ಕಡಿಂದ ಒಬ್ಬ ಮ್ಯಾನೇಜರ್ ಬಂದಿದ್ದ. ಬಿಳೇ ಅಂಗಿ, ಕೈಯಾಗ ಎರಡು ಫೋನು. "ಹುಲಗೆಮ್ಮ ಅಂದ್ರ ನೀವ ಏನ್ರಿ? ಪಾರ್ಕು ಮತ್ತ ಸುರು ಮಾಡಾಕತ್ತೀವಿ. ಹಳೇ ಕೆಲಸದವರು ಬೇಕಂತ ಸಾಹುಕಾರ್ರು ಹೇಳ್ಯಾರ" ಅಂದ. "ಆ ನೀರಿನ ಕುಂಟಿ ಮುಚ್ಚಿ ಮ್ಯಾಲೊಂದು ಬೇವಿನ ಗಿಡ ಹಚ್ಚು ಅಂತ ಹೇಳು ನಿಮ್ಮ ಸಾಹುಕಾರಗ" ಅಂದೆ. ಅಂವ ಹೊಸಬ, ಪಾಪ, ಕಣ್ ಕಣ್ ಬಿಟ್ಟ. ಹೋಗುವಾಗ ನಾಕು ಬಿಟ್ಟಿ ಪಾಸು ಗ್ವಾಡಿ ಮಾಡದಾಗ ಇಟ್ಟು ಹೋದ. ಆ ಪಾರ್ಕಿನ ನೀರು ನನ್ನ ಮಗಳ ಕಾಲು ಹಿಡಿದಿತ್ತು ಅಂತ ಅವಗ ಯಾರೂ ಹೇಳಿಲ್ಲ. ನಿಮಗ ಹೇಳ್ತೀನಿ, ಕುಂದ್ರ್ರಿ.

ನಮ್ಮೂರು ಗಂಗಾವತಿ ಕಡಿ ಮರಳಿ. ಸುತ್ತ ಎತ್ತ ನೋಡಿದ್ರೂ ಭತ್ತ. ೧೯೯೭ರಾಗ ಕಾರಟಗಿಯ ಉಮಾಪತಿ ಸಾಹುಕಾರ್ರು, ಎರಡು ರೈಸ್ ಮಿಲ್ಲಿನ ಧಣಿ, ಹೈದ್ರಾಬಾದಿಗೆ ಒಂದು ಮದುವಿಗೆ ಹೋಗಿ ಬಂದ್ರು. ಅಲ್ಲಿ ಯಾರೋ ನೀರಿನ ಪಾರ್ಕು ತೋರಿಸ್ಯಾರ. ಸಾಹುಕಾರ್ರಿಗೆ ಹುಚ್ಚ ಹಿಡೀತು. "ನಮ್ಮ ಮಂದಿ ಏನು ಪಾಪ ಮಾಡ್ಯಾರ? ಕುಷ್ಟಗಿ, ಯಲಬುರ್ಗಾ ಕಡಿ ಮಕ್ಕಳು ಇಷ್ಟು ನೀರು ಕನಸಿನ್ಯಾಗೂ ನೋಡಿಲ್ಲ" ಅಂತ ನಮ್ಮೂರ ಕಾಲುವಿ ದಂಡಿಗಿದ್ದ ಆರು ಎಕರೆ ಹೊಲದಾಗ ಪಾರ್ಕು ಕಟ್ಟಿಸಿದ್ರು. ಮಗಳ ಹೆಸರಿಟ್ಟು ಮಲ್ಲೇಶ್ವರಿ ಜಲವಿನೋದ ಅಂತ ದೊಡ್ಡ ಬೋರ್ಡು ಹಾಕಿಸಿದ್ರು. ನಾವು ಸಾಹುಕಾರ್ರ ಕುಂಟಿ ಅಂತಿದ್ವಿ.

ಮನಷ್ಯಾ ಕೆಟ್ಟಾಂವಲ್ಲ. ಆದ್ರ ಅಂವಗ ಗೊತ್ತಿದ್ದದ್ದು ಮಿಲ್ಲು ಒಂದ. ಪಾರ್ಕಿನ್ಯಾಗಿದ್ದದ್ದೆಲ್ಲಾ ಮಿಲ್ಲಿನ ಹಳೇ ಮೋಡಕಾ ಸಾಮಾನು. ದೊಡ್ಡ ತೊಟ್ಟಿಲ ಚಕ್ರ ತಿರುಗಿಸಾಕ ಮಿಲ್ಲಿನ ಹಳೇ ಮೋಟಾರು, ಮಿಲ್ಲಿನ ಚರ್ಮದ ಬೆಲ್ಟು. ಮಕ್ಕಳ ರೈಲಿಗೆ ಎಂಜಿನ್ ಅಂದ್ರ ಗದ್ದಿ ಹೊಡಿಯೋ ಟಿಲ್ಲರು, ಅದರ ಮುಂದ ತಗಡಿನ ಮೂತಿ. ಜಾರುಬಂಡಿ ಮಾತ್ರ ಹೊರಗಿಂದ ತರಿಸಿದ್ರು, ಅದೂ ತುಂಡು ತುಂಡು ಬಂದದ್ದನ್ನ ಇಲ್ಲೇ ರಿವೆಟ್ ಹೊಡೆದು ಜೋಡಿಸಿದ್ರು. ಜಾರಿದ ಹತ್ತು ಮಂದಿಯಾಗ ಇಬ್ಬರ ಬೆನ್ನು ಗೀರೇ ಗೀರತಿತ್ತು. ಅವರಿಗೆ ಹಚ್ಚಾಕ ನನ್ನ ಹಂತ್ಯಾಕ ಒಂದು ಡಬ್ಬಿ ಅರಿಷಿಣ ಇಟ್ಟಿದ್ರು. ಅದ ನಮ್ಮ ದವಾಖಾನಿ.

ನನ್ನ ಕೆಲಸ ಅರಬಿ ಕೊಡೋದು. ನೀರಿಗಿಳಿಯೋರಿಗೆ ಬಾಡಿಗಿ ಚಡ್ಡಿ, ಬಾಡಿಗಿ ನೈಟಿ ಕೊಟ್ಟು, ಅವರ ಒಣ ಅರಬಿ ಕಾಯೋದು. ಟಿಕೀಟು ಹರಿಯಾಕಿ ರಜಿಯಾಬೇಗಂ. ನಾವಿಬ್ಬರೂ ಒಂದ ಚಪ್ಪರದ ಕೆಳಗ ಕುಂದ್ರತಿದ್ವಿ, ಒಂದ ಬುತ್ತಿ ಉಣ್ಣತಿದ್ವಿ. ಮಿಷನ್ನಿಗೆಲ್ಲಾ ಯಜಮಾನ ಅಂದ್ರ ಸುಭಾಷ್, ಆಂಧ್ರದವರ ಕ್ಯಾಂಪಿನಾಂವ, ಮಿಲ್ಲಿನ ಫಿಟ್ಟರು. ಏನ ಕೇಳಿದ್ರೂ "ಏಂ ಕಾದಮ್ಮಾ, ಏಂ ಕಾದು" ಅಂತಿದ್ದ. ಏನೂ ಆಗಂಗಿಲ್ಲ ಅಂತ ತೆಲುಗಿನ್ಯಾಗ. ಬೆಲ್ಟು ಜಾರಿದ್ರ ಮಿಲ್ಲಿನ್ಯಾಗ ರಾಳ ಬಳೀತಾರ, ರಾಳ ತೀರಿದ್ರ ಬೆಲ್ಲ ತಿಕ್ಕತಾರ. ಅಂವ ಚಕ್ರದ ಬೆಲ್ಟಿಗೂ ಬೆಲ್ಲ ತಿಕ್ಕತಿದ್ದ. ಮ್ಯಾಲ ಮಂದಿ ತೂಗತಿದ್ರ ಕೆಳಗ ಅಂವ ಬೆಲ್ಲದ ಹೆಂಟಿ ಹಿಡ್ಕೊಂಡು ಓಡ್ಯಾಡತಿದ್ದ. ಇರುವಿ ಸಾಲು ಹಿಡಿದು ಚಕ್ರ ಹತ್ತತಿದ್ವು, ಮ್ಯಾಲೆ ಕುಂತ ಹೆಣ್ಮಕ್ಕಳು ಸೀರಿ ಝಾಡಿಸಿ ಚೀರತಿದ್ರು. ನಾವು ನಗತಿದ್ವಿ. ದೇವ್ರಾಣಿ, ನಗತಿದ್ವಿ.

ಒಂದು ವರ್ಷ ಕುಷ್ಟಗಿ ಕಡಿ ಒಬ್ಬಾಕಿ ಹೊಸ ಲಗ್ನದಾಕಿ ಚಕ್ರ ಇಳಿಯುವಾಗ ಅಕಿ ಜಡಿ ಬೆಲ್ಟಿಗೆ ಸಿಕ್ಕಿತು. ಅವತ್ತು ನಾ ಮೊದಲನೇ ಸಲ ಅಂಜಿದೆ. ಅಕಿ ಕತ್ತು ಹಿಂದಕ್ಕ, ಹಿಂದಕ್ಕ ಹೋಗಾಕತ್ತಿತ್ತು, ಬಾಯಿ ತಗದಿದ್ಳು, ದನಿ ಬರಾಕತ್ತಿದ್ದಿಲ್ಲ. ಸುಭಾಷ್ ಕುಡಗೋಲು ತಂದು ಜಡಿ ಕೊಯ್ದ. ಅಕಿ ಗಂಡ ಆ ಜಡೀನ್ನ ಟಾವೆಲ್ಲಿನ್ಯಾಗ ಸುತ್ತಿಕೊಂಡು ಹೋದ. ಇನ್ನ ಈ ಪಾರ್ಕು ಬಂದ್ ಆತು ಅಂತ ನಾನೂ ರಜಿಯಾನೂ ಮಾತಾಡ್ಕೊಂಡ್ವಿ. ಮರುದಿನ ಒಂಬತ್ತಕ್ಕ ಬಾಗಿಲ ತಗದ್ರು, ನಾವೂ ಹೋದ್ವಿ. ಹೋಗಬಾರದಿತ್ತು.

ಈಗ ಕುಂಟಿ ಸುದ್ದಿ. ಇದನ್ನ ಸ್ವಲ್ಪ ಲಕ್ಷ್ಯ ಕೊಟ್ಟು ಕೇಳ್ರಿ.

ನಮ್ಮ ಕಾಲುವಿ ಸೀಮ್ಯಾಗ ಒಂದು ರಿವಾಜೈತಿ. ಮ್ಯಾಲಿನ ಹೊಲದಾಂವ ಏನರ ಮಾಡ್ಕೊಳ್ಳಿ, ಕೆಳಗಿನ ಹೊಲಕ್ಕ ಹೋಗೋ ನೀರಿನ ದಾರಿ ಮುಚ್ಚಂಗಿಲ್ಲ. ಸಾಹುಕಾರ್ರ ಹೊಲದ ಕೆಳಗಿನ ಹೊಲ ನಮ್ಮದು, ನನ್ನ ಗಂಡ ಯಂಕೇಶನದು, ಮೂರು ಎಕರೆ. ನಮಗ ಗುರುವಾರ ಪಾಳಿ. ಅವತ್ತು ನೀರು ತಡಿಯೋ ನಮ್ಮ ಹಲಗಿ ನಾವ ಎತ್ತಿಕೋಬೇಕು, ಯಾರನ್ನೂ ಕೇಳೂದಿಲ್ಲ, ಯಾರಿಗೂ ಹೇಳೂದಿಲ್ಲ. ನನ್ನ ಮಾವನ ಕಾಲದಿಂದ ಹಂಗ ನಡದೈತಿ. ಸಾಹುಕಾರ್ರು ಶಾಣ್ಯಾ. ನೀರಿನ ದಾರಿ ನಡುವ ಈಜೋ ಕುಂಟಿ ಕಟ್ಟಿಸಿದ್ರು. ಕಾಲುವಿ ನೀರು ಈ ಕಡಿಂದ ಕುಂಟಿಗೆ ಬೀಳೋದು. ಕುಂಟಿ ತಳದಾಗ, ಆಳದ ಮೂಲ್ಯಾಗ, ಒಂದು ಗೇಣು ಅಗಲದ ಸಿಮೆಂಟ್ ಪೈಪು. ಪೈಪಿನ ಇನ್ನೊಂದು ಬಾಯಿ ನಮ್ಮ ಹೊಲದ ತೊಟ್ಟಿಯಾಗ. ಅಲ್ಲಿ ಒಂದರ ಮ್ಯಾಲೊಂದು ಎರಡು ಹಲಗಿ. ಮ್ಯಾಲಿನ ಹಲಗಿ ಎತ್ತಿದ್ರ ನೀರು ಮೆಲ್ಲಕ ಬರೋದು, ಸಸಿ ಕಿತ್ತು ಹೋಗಂಗಿಲ್ಲ. ಪೈಪಿನ್ಯಾಗ ಜೊಂಡು, ಕಸ ಸಿಕ್ಕು ನೀರು ಸಣ್ಣಾತಂದ್ರ ಕೆಳಗಿನ ಹಲಗೀನೂ ಎತ್ತತಾರ. ಆಗ ನೀರು ಎಳೆಯೋ ಎಳತಕ್ಕ ಜೊಂಡು ತಾನ ಕಿತ್ತುಕೊಂಡು ಬರತೈತಿ.

ಅಂದ್ರ ವಾರಕ್ಕೊಮ್ಮೆ ಕುಂಟಿ ತೊಳದಂಗೂ ಆತು, ನಮ್ಮ ಹೊಲಕ್ಕ ನೀರು ಬಂದಂಗೂ ಆತು. ಯಲಬುರ್ಗಾ ಮಕ್ಕಳು ಉಚ್ಚಿ ಹೊಯ್ದ ನೀರಿಗೆ ನಮ್ಮ ಭತ್ತ ಭಾಳ ಛಲೋ ಬರತಾವ ಅಂತ ನನ್ನ ಗಂಡ ಚಾಷ್ಟಿ ಮಾಡತಿದ್ದ. ಅದಕ್ಕ ಪಾರ್ಕಿಗೆ ಗುರುವಾರ ರಜಾ. ಯಾವ ಬೋರ್ಡಿನ ಮ್ಯಾಲೂ ಅದು ಯಾಕ ಅಂತ ಬರದಿದ್ದಿಲ್ಲ. ಸಾಹುಕಾರ್ರಿಗೆ ಗೊತ್ತಿತ್ತು, ಸುಭಾಷಗ ಗೊತ್ತಿತ್ತು, ನಮಗ ಗೊತ್ತಿತ್ತು.

ಆ ಪೈಪಿನ ಬಾಯಿಗೆ ಮೊದಲಿಗೆ ಕಬ್ಬಿಣದ ಜಾಳಗಿ ಇತ್ತು. ಯಾವದೋ ವರ್ಷ ಚಕ್ರದ ತೊಟ್ಟಿಲ ತಳ ಕಿತ್ತು ಹೋತು, ಸುಭಾಷ್ ಜಾಳಗಿ ಬಿಚ್ಚಿ ಅಲ್ಲಿಗೆ ವೆಲ್ಡ್ ಹೊಡೆದ. "ಇಲ್ಲಿಗೆ?" ಅಂದೆ. "ಏಂ ಕಾದಮ್ಮಾ." ಕೋಳಿ ಗೂಡಿನ ತಂತಿ ಕಟ್ಟಿದ, ಅದು ಆರು ತಿಂಗಳಿಗೆ ಕೊಳೀತು. ಆಮ್ಯಾಲ ಏನೂ ಇಲ್ಲ. ನಮ್ಮೂರ ಹುಡುಗ್ರು ಅದಕ್ಕ ಅಜ್ಜಿ ಬಾಯಿ ಅಂತಿದ್ರು, ಹಲ್ಲಿಲ್ಲದ ಬಾಯಿ ಅಂತ. ಮುಳುಗಿ ಅದರಾಗ ಕಾಲಿಟ್ಟು ಬಂದಾವ ಗಂಡಸು. ನಿಂತ ನೀರಿನ್ಯಾಗ ಅಜ್ಜಿ ಏನೂ ಮಾಡತಿದ್ದಿಲ್ಲ.

೨೦೦೬ರ ಹೊತ್ತಿಗೆ ಉಮಾಪತಿ ಸಾಹುಕಾರ್ರು ಲಕ್ವಾ ಹೊಡೆದು ಹಾಸಿಗಿ ಹಿಡಿದಿದ್ರು. ಮಗ ಪ್ರಭುರಾಜ ಬಂದ. ಬಂದಾಂವನ ನಮ್ಮ ಹೊಲದ ಕಡಿ ಎತ್ತರದ ಗ್ವಾಡಿ ಕಟ್ಟಿಸಿ ಮ್ಯಾಲ ಗಾಜಿನ ಚೂರು ನೆಡಿಸಿದ, ಬಿಟ್ಟಿ ಒಳಗ ಬರತಾರ ಅಂತ. ಆ ವರ್ಷ ಜನವರಿ ೨೬ ಗುರುವಾರ ಬಂತು. ಝಂಡಾ ಹಾರಿಸಿದ ಮ್ಯಾಲ ಸಾಲಿ ಮಕ್ಕಳೆಲ್ಲಾ ಬರತಾರ, ರಜಾ ಯಾಕ ಕೊಡೂದು ಅಂದ. ಬುಧವಾರ ನನ್ನ ಕರೆದು, "ಹುಲಗೆಮ್ಮಾ, ನಾಳೆ ಪಾರ್ಕು ಚಾಲೂ ಇರತೈತಿ. ಹಲಗಿ ಎತ್ತಬ್ಯಾಡ, ಶುಕ್ರವಾರ ಎತ್ತು ಅಂತ ನಿನ್ನ ಗಂಡಗ ಹೇಳಿಬಿಡು" ಅಂದ. ತಾನು ಹೋಗಿ ಹೇಳಲಿಲ್ಲ, ಸುಭಾಷನ್ನ ಕಳಿಸಲಿಲ್ಲ. ನನಗ ಹೇಳಿದ.

ಮತ್ತ ನಾ ನನ್ನ ಗಂಡನ ಜೋಡಿ ಮಾತು ಬಿಟ್ಟು ಎಂಟು ದಿನ ಆಗಿತ್ತು.

ನಗಬ್ಯಾಡ್ರಿ. ಅವರಕ್ಕನ ಮುಂದ ನನ್ನ ಕೆಲಸಕ್ಕ "ಚಡ್ಡಿ ಕಾಯೋ ಕೆಲಸ" ಅಂದಿದ್ದ. ಅಕಿ ಸೆರಗು ಬಾಯಿಗಿಟ್ಟು ನಕ್ಕಳು. ಅವತ್ತಿಂದ ಬಾಯಿ ಹೊಲಕೊಂಡೆ. ಅಂವನೂ ಹೊಲಕೊಂಡ, ಅಂವ ನನಗಿಂತ ಹಟಮಾರಿ. ನಮ್ಮಿಬ್ಬರ ನಡುವ ಟಪಾಲು ಅಂದ್ರ ಅನುಷಾ. ಒಬ್ಬಾಕಿ ಮಗಳು, ಪಾರ್ಕು ಸುರುವಾದ ವರ್ಷ ಹುಟ್ಟಿದಾಕಿ, ಎಂಟು ವರ್ಷ. "ನಿಮ್ಮಪ್ಪಗ ಉಣ್ಣಾಕ ಬಾ ಅನ್ನು." "ನಿಮ್ಮವ್ವಗ ಉಪ್ಪು ಕಮ್ಮಿ ಆಗೈತಿ ಅನ್ನು." ಒಂದ ಖೋಲ್ಯಾಗ ಕುಂತು ಹಿಂಗ. ಅಕಿಗೆ ಅದು ಆಟ ಆಗಿತ್ತು.

ನಾಟಿ ಟೈಮು, ಅಂವ ರಾತ್ರಿನೂ ಹೊಲದಾಗ ಇರತಿದ್ದ. ಅದಕ್ಕ ಬುಧವಾರ ರೊಟ್ಟಿ ಬಡಿಯುವಾಗ ಅನುಷಾಗ ಹೇಳಿದೆ: "ನಾಳೆ ಝಂಡಾ ಮುಗಿಸಿ ನಿಮ್ಮಪ್ಪಗ ಬುತ್ತಿ ಕೊಟ್ಟು, ಇವತ್ತು ಹಲಗಿ ಎತ್ತಬ್ಯಾಡಂತ, ಕುಂಟ್ಯಾಗ ಮಂದಿ ಇರತಾರಂತ ಅನ್ನು. ಮರೀಬ್ಯಾಡ." ಎರಡು ಸಲ ಹೇಳಿದೆ. "ಹೂಂ ಬೇ" ಅಂದಳು. ನಾನು ಎದ್ದು ಹೋಗಿ ಹೇಳಿದ್ರ ಎಷ್ಟು ದೂರ? ನೂರು ಹೆಜ್ಜಿ. ನನ್ನ ಸಿಟ್ಟಿಗಿಷ್ಟು ಬೆಂಕಿ ಹಾಕಾ.

ಮರುದಿನ ಪಾರ್ಕು ಗಿಜಿಗುಡತಿತ್ತು. ಯಲಬುರ್ಗಾ ಕಡಿ ಒಂದು ಸಾಲಿಯಿಂದ ಎರಡು ಟೆಂಪೋ ತುಂಬ ಮಕ್ಕಳು, ಎದಿಗೆಲ್ಲಾ ಕಾಗದದ ಝಂಡಾ. ಅಷ್ಟು ನೀರು ನೋಡಿ ಮೊದಲು ದಂಡಿಗೆ ನಿಂತು ಬರೇ ನೋಡಿದ್ವು, ಆಮ್ಯಾಲ ಒಮ್ಮೆಲೆ ಹಾರಿದ್ವು. ಮೈಕಿನ್ಯಾಗ ದೇಶಭಕ್ತಿ ಹಾಡು ಕಿವಿ ಹರಿಯಂಗ. ಹನ್ನೊಂದರ ಸುಮಾರಿಗೆ ಅನುಷಾ ಓಡಿ ಬಂದಳು, ಬಾಯಿ ತುಂಬ ಬುಂದೆ.

"ಬುತ್ತಿ ಮುಟ್ಟಿತೇನು? ಹೇಳಿದಿ?" ಅಂದೆ. ಮುಂದ ಚಡ್ಡಿಗೆ ಹತ್ತು ಮಂದಿ ಕೈ ಚಾಚಿ ನಿಂತಿದ್ರು.

"ಹೂಂ" ಅಂದಳು. ಚಡ್ಡಿ ಹಾಕ್ಕೊಂಡು ನೀರಿಗೆ ಹಾರಿದಳು.

ಮಧ್ಯಾಹ್ನ ಆತು. ಗಿರಾಕಿ ಕಮ್ಮಿ ಆದ್ವು, ನಾ ಹಸಿ ಚಡ್ಡಿ ಹಿಂಡಿ ಗಂಟು ಕಟ್ಟಾಕತ್ತಿದ್ದೆ. ರಜಿಯಾ ಏನೋ ಹೇಳಾಕತ್ತಿದ್ಳು. ನನ್ನ ಕಣ್ಣು ನೀರಿನ ಮ್ಯಾಲಿತ್ತು. ಕಾಗದದ ಝಂಡಾಗಳು ಮಕ್ಕಳ ಎದಿಯಿಂದ ಕಿತ್ತು ತೇಲಾಕತ್ತಿದ್ವು, ಇಪ್ಪತ್ತು ಮೂವತ್ತು ಇದ್ದಾವು. ಅವೆಲ್ಲಾ ಒಂದ ಕಡಿ ಹೊಂಟಿದ್ವು. ಗಾಳಿ ಇದ್ದಿಲ್ಲ. ಮಕ್ಕಳು ಈ ಕಡಿ ಬಡಿದ್ರೂ ಆ ಕಡಿ ಬಡಿದ್ರೂ ಅವು ಸಾಲು ಹಿಡಿದು ಆಳದ ಮೂಲಿಗೆ ಹೊಂಟಿದ್ವು. ನಾ ಕಾಲುವಿ ದಂಡಿಗೆ ಹುಟ್ಟಿದಾಕಿ. ನಿಂತ ನೀರು ಯಾವದು, ಹರಿಯೋ ನೀರು ಯಾವದು ನನಗ ಯಾರೂ ಹೇಳಿಕೊಡೋದು ಬ್ಯಾಡ.

ಗಂಟು ಅಲ್ಲೇ ಬಿಟ್ಟು ಎದ್ದೆ. ಹಲಗಿ ಎತ್ಯಾನ.

"ಅನುಷಾ!" ಅಂತ ಒದರಿದೆ. ಕುಂಟಿ ತುಂಬ ಕರೇ ತಲಿ, ಯಾವದು ನಂದು ತಿಳೀವಲ್ದು. ಆಗ ಒಂದು ಸಣ್ಣ ಹುಡುಗಿ, ಯಲಬುರ್ಗಾದಾಕಿ, ಮೂಲಿ ದಂಡಿಗೆ ನಿಂತು ಅಳಾಕತ್ತಿದ್ದು ಕಂಡೆ. "ಆ ಅಕ್ಕ ಅಜ್ಜಿ ಬಾಯಾಗ ಕಾಲಿಡತೀನಿ ನೋಡ್ರಿ ಅಂದಳು. ಈಗ ಬರವಲ್ಲಳು" ಅಂದಳು.

ನಾ ಸೀರಿ ಸಮೇತ ಹಾರಿದೆ. ಅನುಷಾ ಮೂಲ್ಯಾಗ ನಿಂತಿದ್ಳು. ಗದ್ದದ ಮಟ ನೀರು. ಒಂದು ಕಾಲು ನೆಲದ ಮ್ಯಾಲ, ಒಂದು ಕಾಲು ಮೊಣಕಾಲ ಮಟ ಪೈಪಿನೊಳಗ. ಮುಖ ಬೆಳ್ಳಗ ಸುಣ್ಣ ಆಗಿತ್ತು. ಅಳಾಕತ್ತಿದ್ದಿಲ್ಲ. "ಅವ್ವಾ, ಜಗ್ಗಾಕತ್ತೈತಿ" ಅಂದಳು, ಮೆಲ್ಲಕ, ಯಾರಿಗೂ ಕೇಳಬಾರದು ಅನ್ನವರಂಗ.

ಕಂಕುಳಾಗ ಕೈ ಹಾಕಿ ಎತ್ತಿದೆ. ಬರಲಿಲ್ಲ. ಇನ್ನೊಮ್ಮೆ ಎತ್ತಿದೆ, ಅಕಿ ಚೀರಿದಳು. ರಜಿಯಾ ಬಂದಳು, ಸಾಲಿ ಮಾಸ್ತರು ಹಾರಿ ಬಂದು ಸೊಂಟ ಹಿಡಿದು ಜಗ್ಗಾಕತ್ತಿದ್ರು. "ಜಗ್ಗಬ್ಯಾಡ್ರಿ, ಕಾಲು ಹರೀತೈತಿ!" ಅಂತ ನಾ ಅವರ ಕೈಗೆ ಹೊಡೆದೆ. ಮ್ಯಾಲ ದಂಡಿಗೆ ಪ್ರಭುರಾಜ ಓಡಿ ಬಂದ. "ಮೋಟಾರ್ ಬಂದ್ ಮಾಡ್ರಿ, ಮೋಟಾರ್ ಬಂದ್ ಮಾಡ್ರಿ" ಅಂತ ಒದರಿದ. ಯಾವ ಮೋಟಾರೋ ಮೂಳಾ? ಕುಂಟಿಗೆ ಮೋಟಾರ ಇಲ್ಲ. ಹಲಗಿ ಅನ್ನೋ ಮಾತು ಸುಭಾಷನ ಬಾಯಿಂದ ಕೇಳಿದ್ದ ಅಷ್ಟ, ತನ್ನ ಪಾರ್ಕಿನ್ಯಾಗ ನೀರು ಹ್ಯಾಂಗ ಹೋಗತೈತಿ ಅನ್ನೋದ ಅವಗ ಗೊತ್ತಿಲ್ಲ! ಯಾರೋ ಹೋಗಿ ಚಕ್ರದ ಸ್ವಿಚ್ಚು ಆರಿಸಿದ್ರು. ಮ್ಯಾಲೆ ತೊಟ್ಟಿಲದಾಗಿದ್ದ ಮಂದಿ ಅಲ್ಲೇ ನೇತಾಡಿಕೋತ ಚೀರಾಕತ್ತಿದ್ರು. ಮೈಕು ಮಾತ್ರ ಯಾರೂ ಬಂದ್ ಮಾಡಲಿಲ್ಲ.

ನೀರು ಇಳೀತೈತಿ, ಸ್ವಲ್ಪ ತಡಿ, ಉಸಿರು ಆಡತೈತಲ್ಲ, ನೀರು ಇಳೀತೈತಿ ಅಂತ ನಾ ನನಗ ಹೇಳ್ಕೊಳ್ಳಾಕತ್ತಿದ್ದೆ. ಅಷ್ಟರಾಗ ಎಳತ ಜೋರಾತು.

ನನ್ನ ಕೈಯಾಗ ಗೊತ್ತಾತು. ಅಕಿ ಮೈ ಒಮ್ಮೆಲೆ ಝಟಕಾ ಹೊಡೆದು ಕೆಳಗ ಹೋತು. ಮೊಣಕಾಲ ಮಟ ಇದ್ದದ್ದು ತೊಡಿ ಮಟ ಒಳಗ ಹೋತು. ಗದ್ದ ಮುಳುಗಿತು, ಬಾಯಿ ಮುಳುಗಿತು, ಕಣ್ಣು ನನ್ನ ನೋಡಿಕೋತ ಮುಳುಗಿದ್ವು.

ಏನಾತು ಅಂತ ನನಗ ಅಲ್ಲಿಂದಲೇ ಕಂಡಂಗಾತು. ಕಾಲು ಸಿಕ್ಕು ಪೈಪಿನ್ಯಾಗ ನೀರು ಸಣ್ಣಾಗೈತಿ. ತೊಟ್ಟಿ ಹಂತ್ಯಾಕ ನಿಂತ ನನ್ನ ಗಂಡ ಜೊಂಡು ಸಿಕ್ಕೈತಿ ಅಂದ್ಕೊಂಡಾನ. ಎರಡನೇ ಹಲಗೀನೂ ಎತ್ಯಾನ. ಯಾರಿದ್ರೂ ಅದ ಮಾಡತಿದ್ರು. ನಾ ಇದ್ರೂ ಅದ ಮಾಡತಿದ್ದೆ.

ಹಲಗಿ ಎಲ್ಲೈತಿ ಅಂತ ಅಲ್ಲಿದ್ದವರ ಪೈಕಿ ನನಗೊಬ್ಬಾಕಿಗೆ ಗೊತ್ತಿತ್ತು. ಸುಭಾಷ್ ಚಕ್ರದ ಕಡಿ ಓಡಿದ್ದ. ಯಾರಿಗೆ ಹೇಳ್ಲಿ? ಹೇಳಿ ಮುಗಿಸೋದ್ರಾಗ ಅಕಿ ಉಸಿರು ಮುಗೀತಿತ್ತು. ಅನುಷಾ ನನ್ನ ಕೈ ಎರಡೂ ಕೈಲೆ ಹಿಡ್ಕೊಂಡಿದ್ದಳು, ಉಗುರು ಒಳಗ ಇಳಿದಿದ್ವು. ನಾ ಆ ಕೈಬಳ್ಳು ಒಂದೊಂದ ಬಿಡಿಸಿದೆ. ನೀರಿನೊಳಗ ಅಕಿ ನನ್ನ ನೋಡಾಕತ್ತಿದ್ಳು, ನಾ ಬಿಡಿಸಿದೆ. "ರಜಿಯಾ, ಹಿಡಿ, ಮೂಗು ಮ್ಯಾಲ ಎತ್ತು, ನನ್ನವ್ವಾ, ಮೂಗು ಮ್ಯಾಲ ಎತ್ತು" ಅಂತ ಅಕಿ ಕೈ ರಜಿಯಾನ ಕೈಯಾಗ ಕೊಟ್ಟು ಮ್ಯಾಲ ಹತ್ತಿದೆ.

ಮುಂದ ಗ್ವಾಡಿ. ಗ್ವಾಡಿ ಮ್ಯಾಲ ಗಾಜು. ಬಾಗಿಲಿಂದ ಸುತ್ತು ಹಾಕಿ ಹೋಗಾಕ ಟೈಮಿಲ್ಲ. ಚಪ್ಪರದಾಗಿದ್ದ ಹಸಿ ಚಡ್ಡಿ ಗಂಟು ಎತ್ತಿ ಗಾಜಿನ ಮ್ಯಾಲ ಒಗದೆ, ನೀರಿನ ಡ್ರಮ್ಮಿನ ಮ್ಯಾಲ ಹತ್ತಿ ಅದರ ಮ್ಯಾಲ ಬಿದ್ದು ಆಚಿಗೆ ಉರುಳಿದೆ. ಹೊಟ್ಟಿ ಹರೀತು, ಅಂಗೈ ಹರೀತು. ಅವತ್ತು ತಿಳೀಲಿಲ್ಲ, ಮರುದಿನ ತಿಳೀತು.

ಹೊಸದಾಗಿ ನಾಟಿ ಮಾಡಿದ ಗದ್ದಿ. ಕಾಲಿಟ್ರ ಮೊಣಕಾಲ ಮಟ ರಾಡಿ. ಬದುವಿನ ಮ್ಯಾಲ ಓಡಿದೆ, ಜಾರಿ ಬಿದ್ದೆ, ಎದ್ದು ಓಡಿದೆ. ಮುಂದ ಇಬ್ಬರು ಕಂಡ್ರು, ನನ್ನ ಗಂಡ ಮತ್ತ ಬಾಜೂ ಹೊಲದ ಓಬಳೆಪ್ಪ, ಬೀಡಿ ಸೇದಿಕೋತ ನಿಂತಿದ್ರು. "ಅನುಷಾನಪ್ಪಾ! ಹಲಗಿ! ಹಲಗಿ!" ಅಂತ ಒದರಿದೆ. ಮೈಕಿನ ಹಾಡಿನ್ಯಾಗ ನನ್ನ ದನಿ ಎಲ್ಲಿ ಹೋಗಬೇಕು? ಇನ್ನ ಸ್ವಲ್ಪ ಸಮೀಪ ಹೋಗಿ ಮತ್ತ ಒದರಿದೆ. ಆಗ ಅಂವ ಈ ಕಡಿ ತಿರುಗಿದ.

ತಿರುಗಿ ನಕ್ಕ.

ಎಂಟು ದಿನದ ಮ್ಯಾಲ ಹೆಂಡ್ತಿ ತಾನ ಮಾತಾಡಿಸಿಕೋತ ಬಂದಾಳ, ನಾ ಗೆದ್ದೆ ಅಂತ ನಕ್ಕ. ಒಂದು ಕೈಯಾಗ ಎರಡನೇ ಹಲಗಿ ಹಿಡ್ಕೊಂಡು ನಿಂತಿದ್ದ, ರಾಡಿ ಸೋರಾಕತ್ತಿತ್ತು. "ಬಂತೇನು ಈಗ ಮಾತು?" ಅಂದ. ಆ ನಗಿ ನನ್ನ ಕಣ್ಣ ಮುಂದಿಂದ ಇನ್ನೂ ಹೋಗಿಲ್ಲ.

ನಾ ಲಗ್ನ ಆದಾಗಿಂದ ಗಂಡನ ಹೆಸರು ಹೇಳಿದಾಕಿ ಅಲ್ಲ. "ಹಲಗಿ ಹಾಕೋ ಯಂಕೇಶಾ! ಪೈಪಿನ್ಯಾಗ ಅನುಷಾ ಅದಾಳೋ!" ಅಂತ ಚೀರಿದೆ.

ನಗಿ ಹಂಗ ಮುಖದ ಮ್ಯಾಲ ಉಳೀತು, ಕಣ್ಣು ಮಾತ್ರ ಸತ್ತು ಹೋದ್ವು. ಅಂವ ತೊಟ್ಟಿಗೆ ಹಾರಿದ. ಕೆಳಗಿನ ಹಲಗಿ ನೀರಿನ ಹೊಡತಕ್ಕ ತನ್ನ ಸಂದಿನ್ಯಾಗ ಕುಂದರವಲ್ದು. ಎದಿ ಕೊಟ್ಟು ಒತ್ತಿದ. ಓಬಳೆಪ್ಪನೂ ಹಾರಿದ. ಮ್ಯಾಲಿನ ಹಲಗೀನೂ ಹಾಕಿ ಇಬ್ಬರೂ ಅದಕ್ಕ ಬೆನ್ನು ಕೊಟ್ಟು ಕುಂತ್ರು. ತೊಟ್ಟಿಯಾಗಿನ ನೀರು ಏರಿಕೋತ ಬಂತು. ಪೈಪಿನೊಳಗಿಂದ ಒಂದು ಸಪ್ಪಳ ಬಂತು, ಗೊರ್ರ್ ಅಂತ, ಆಮ್ಯಾಲ ಎಲ್ಲಾ ಸುಮ್ಮನಾತು.

ತಿರುಗಿ ಹ್ಯಾಂಗ ಹೋದೆ ನೆನಪಿಲ್ಲ. ಹೋಗೋದ್ರಾಗ ಅಕಿನ್ನ ದಂಡಿಗೆ ಮಲಗಿಸಿದ್ರು. ಕಾಲು ತೊಡಿಯಿಂದ ಹಿಮ್ಮಡದ ಮಟ ಸುಲಿದಿತ್ತು, ತಿರುವಿ ಬಿದ್ದಿತ್ತು. ತುಟಿ ನೀಲಿ. ರಜಿಯಾ ಬುರ್ಖಾ ಸಮೇತ ತೊಯ್ದು ತೊಪ್ಪಡಿ ಆಗಿ ಅಕಿ ಕೈ ಹಿಡ್ಕೊಂಡು ಕುಂತಿದ್ಳು, ಬಿಟ್ಟಿದ್ದಿಲ್ಲ. "ಮೂಗು ಮ್ಯಾಲ ಬರತಿತ್ತು, ಮತ್ತ ಹೋಗತಿತ್ತು, ಮತ್ತ ಬರತಿತ್ತು" ಅಂತ ಅದನ್ನ ಹೇಳಾಕತ್ತಿದ್ಳು. ಮಾಸ್ತರು ಅಕಿನ್ನ ಬೋರಲ ಹಾಕಿ ಬೆನ್ನು ಒತ್ತಿದ್ರು. ಏನೂ ಇಲ್ಲ. ಮತ್ತ ಒತ್ತಿದ್ರು. ಏನೂ ಇಲ್ಲ. ನಾ ಹುಲಗೆಮ್ಮನ್ನ ಬೈಯಾಕತ್ತಿದ್ದೆ, ನನ್ನ ಹೆಸರಿನ ದೇವರನ್ನ, ಬಾಯಿಗೆ ಬಂದಂಗ. ಮೂರನೇ ಸಲಕ್ಕ ಬಾಯಿಂದ ನೀರು ಬಂತು, ಬುಂದೆ ಬಂತು, ಆಮ್ಯಾಲ ಅಳು ಬಂತು.

ಯಲಬುರ್ಗಾ ಮಕ್ಕಳ ಟೆಂಪೋದಾಗ ಹಾಕ್ಕೊಂಡು ಗಂಗಾವತಿ ದವಾಖಾನಿಗೆ ಹೋದ್ವಿ. ಕಾಲು ಉಳೀತೈತಿ, ಆದ್ರ ಕುಂಟ್ತಾಳ ಅಂದ್ರು ಡಾಕ್ಟ್ರು. ಓಬಳೆಪ್ಪ ವರಾಂಡದಾಗ ನನ್ನ ಬದೀಗೆ ಕರೆದು ಹೇಳಿದ: "ತಂಗೀ, ಮುಂಜಾನೆ ಹುಡುಗಿ ದಾರಿಯಾಗ ನನ್ನ ಸೈಕಲ್ ನಿಂದ್ರಿಸಿ ಬುತ್ತಿ ಕೊಟ್ಟು, ಅಪ್ಪಗ ಕೊಡು ಕಾಕಾ ಅಂತ ಓಡಿ ಹೋತು. ಬ್ಯಾರೆ ಏನೂ ಹೇಳಲಿಲ್ಲ." ಬುತ್ತಿ ಮುಟ್ಟಿತ್ತು. ಮಾತು ಮುಟ್ಟಿದ್ದಿಲ್ಲ. "ಇದನ್ನ ಯಾರ ಮುಂದೂ ಅನಬ್ಯಾಡಣ್ಣ" ಅಂದೆ. ಅಂವ ಸಾಯೋತನಕ ಅನಲಿಲ್ಲ.

ಒಳಗ ನನ್ನ ಗಂಡ ಮಂಚದ ಕಾಲಿಗೆ ಕುಂತಿದ್ದ, ಎದಿ ಮಟ ರಾಡಿ ಒಣಗಿತ್ತು. ನಾ ಈ ಕಡಿ ಅನುಷಾನ ಕೈ ಹಿಡ್ಕೊಂಡು ಕುಂತೆ. ಅಂವ ತಲಿ ಎತ್ತಿದ. "ಪಾರ್ಕು ಚಾಲೂ ಐತಿ, ಹಲಗಿ ಎತ್ತಬ್ಯಾಡಂತ ಒಂದು ಮಾತು ಯಾಕ ಹೇಳಿ ಕಳಿಸಲಿಲ್ಲ?" ಅಂದ.

ಅನುಷಾ ಕಣ್ಣು ಮುಚ್ಚಿದ್ದಳು. ನಿದ್ದಿ ಹತ್ತಿದವರು ಕಣ್ಣು ಅಷ್ಟು ಗಟ್ಟಿ ಮುಚ್ಚಂಗಿಲ್ಲ. ನನ್ನ ಕೈಯಾಗಿನ ಅಕಿ ಬಳ್ಳು ಬಿಗಿ ಆದ್ವು.

"ಮರತೆ" ಅಂದೆ. "ನಿನ್ನ ಮ್ಯಾಲಿನ ಸಿಟ್ಟಿನ್ಯಾಗ ಹೇಳಿ ಕಳಿಸೂದ ಮರತೆ."

ಅಕಿ ಬಳ್ಳು ಸಡಿಲಾದ್ವು. ಅಂವ ನನ್ನ ಹೊಡೀತಾನ ಅಂದ್ಕೊಂಡಿದ್ದೆ. ಹೊಡೀಲಿಲ್ಲ. ತನ್ನ ಕೈ ನೋಡ್ಕೋತ ಕುಂತ. "ನೀರು ಸಣ್ಣಾತು. ಜೊಂಡು ಸಿಕ್ಕೈತಿ ಅಂದ್ಕೊಂಡೆ. ಎರಡನೇ ಹಲಗಿ ಎತ್ತಿದೆ. ಖರೇ ಹೇಳು, ಅದರಿಂದ ಜಾಸ್ತಿ ಆತೇನು?" ಅಂದ.

"ಇಲ್ಲ" ಅಂದೆ. "ಅಷ್ಟೊತ್ತಿಗೆ ಆಗೋದೆಲ್ಲಾ ಆಗಿತ್ತು. ಅದರಿಂದ ಏನೂ ಆಗಿಲ್ಲ. ಹೋಗಿ ಕೈಕಾಲು ತೊಳಕೊಂಡು ಬಾ."

ಒಂದ ದಿನ ಎರಡು ಸುಳ್ಳು. ಅಂವ ಇವತ್ತಿನ ಮಟ ಕೆಳಗಿನ ಹಲಗಿ ಮುಟ್ಟಿಲ್ಲ. ಜೊಂಡು ಸಿಕ್ರ ತಾನು ತೊಟ್ಟಿಗಿಳಿದು ಕೈಲೆ ತಗೀತಾನ. ನನ್ನ ಹೆಂಡ್ತಿ ಮರತಳು ಅಂತ ಊರಾಗೆಲ್ಲಾ ಹೇಳ್ಯಾನ. ಹೇಳಲಿ.

ಪಾರ್ಕು? ಶನಿವಾರ ಸುರು ಆತು. ಅಜ್ಜಿ ಬಾಯಿಗೆ ಒಂದು ಬೀಸೋ ಕಲ್ಲು ಅಡ್ಡ ಇಟ್ಟಿದ್ರಂತ. ನಾನೂ ರಜಿಯಾನೂ ಹೋಗಲಿಲ್ಲ. ಐದು ವರ್ಷದ ಮ್ಯಾಲ ಒಂದು ಗಾಳಿಗೆ ಚಕ್ರ ವಾಲಿ ಗ್ವಾಡಿ ಮ್ಯಾಲ ಬಿತ್ತು, ಪುಣ್ಯಾ ಮ್ಯಾಲ ಯಾರೂ ಇದ್ದಿಲ್ಲ, ಆಗ ಬಾಗಿಲ ಹಾಕಿದ್ರು. ಈಗ ಮತ್ತ ತಗೀತಾರಂತ. ಹೊಸಾ ಬಣ್ಣಾ, ಹೊಸಾ ಫ್ಲೆಕ್ಸು. ಕುಂಟಿ ಹಳೇದ, ಪೈಪು ಹಳೇದ.

ಅನುಷಾ ಈಗ ಕಾರಟಗಿ ಸೊಸಿ. ಮೊನ್ನೆ ಮಗಳನ್ನ ಕರ್ಕೊಂಡು ಬಂದಿದ್ಳು, ಐದು ವರ್ಷದ ಅಂಜಲಿ. ಆ ಕೂಸಿನ ಕಣ್ಣಿಗೆ ಮಾಡದಾಗಿನ ಪಾಸು ಬಿದ್ವು. ಬಣ್ಣ ಬಣ್ಣದ ಜಾರುಬಂಡಿ ಚಿತ್ರ. ಹೋಗೂಣು ಅಂತ ನೆಲಕ್ಕ ಬಿದ್ದು ಹಟ ಹಿಡೀತು.

ಅನುಷಾ ಕುಂಟಿಕೋತ ಬಂದು ಮಗಳ ಮುಂದ ಕುಂತಳು. ಸೀರಿ ಮೊಣಕಾಲ ಮಟ ಎತ್ತಿ ಕಾಲು ತೋರಿಸಿದಳು. ಇಷ್ಟು ವರ್ಷ ಅಕಿ ಆ ಕಾಲನ್ನ ಯಾರಿಗೂ ತೋರಿಸಿದ್ದಿಲ್ಲ, ಆ ದಿನದ ಮಾತು ನನ್ನ ಜೋಡಿ ಒಮ್ಮೆನೂ ಆಡಿದ್ದಿಲ್ಲ. ಎರಡು ಸುಳ್ಳು ನಾ ಹೇಳಿದ್ದೆ, ಆದ್ರ ಬಾಯಿಬಿಟ್ಟು ಹೇಳದ ಮೂರನೇ ಮಾತು ಒಂದು ಉಳಿದಿತ್ತು. ನೀರಿನ್ಯಾಗ ಮಗಳ ಬಳ್ಳು ಬಿಡಿಸಿ ಹೋದಾಕಿ ನಾನು. ಅದು ಅಕಿಗೆ ನೆನಪೈತೇನು ಅಂತ ಕೇಳಾಕ ನನಗ ಹದಿನೆಂಟು ವರ್ಷ ಧೈರ್ಯ ಬಂದಿಲ್ಲ.

"ನೋಡು, ಇದನ್ನ ಆ ನೀರು ಮಾಡಿದ್ದು" ಅಂದಳು ಮಗಳಿಗೆ. "ನಿಮ್ಮಜ್ಜಿ ನನ್ನ ಕೈ ಗಟ್ಟಿ ಹಿಡ್ಕೊಂಡಿದ್ಳು. ಕಡೀತನಕ ಬಿಡಲಿಲ್ಲ. ಅದಕ್ಕ ನಾ ಉಳದೀನಿ."

ನಾ ಅಕಿ ಮುಖ ನೋಡಿದೆ. ಕಣ್ಣು ಮುಚ್ಚಿದ್ದಳು, ಗಟ್ಟಿ, ಅವತ್ತು ದವಾಖಾನ್ಯಾಗ ಮುಚ್ಚಿದಂಗ.

ನಾ ಎದ್ದು ಹೋಗಿ ಆ ನಾಕು ಪಾಸು ಒಲಿಯಾಗ ಹಾಕಿದೆ.